ಗುಂಡುಕಲ್ಲಮ್ಮನ ಹಿತ್ತಿಲು

ಹರಳುಕೋಟೆಯ ಮೂಡಣ ಗೋಡೆಯ ಬುಡದಲ್ಲಿ ನಗರಸಭೆಯ ಒಳಚರಂಡಿ ಪಂಪ್‌ಹೌಸ್ ಇದೆ. ಊರಿನ ಕೊಳೆನೀರೆಲ್ಲ ಇಲ್ಲಿಗಿಳಿದು, ಮೋಟಾರಿನ ಬಲದಿಂದ ಕೋಟೆಯಾಚೆಗೆ ಹೋಗುತ್ತದೆ. ಕಟ್ಟಡ ಹಳತಾಗಿ ಬಿರುಕು ಬಿಟ್ಟಿದೆ. ಬದಲಿ ಜಾಗಕ್ಕೆಂದು ಅಧಿಕಾರಿಗಳು ಆಗಾಗ ಬಂದು ಅಳತೆ ಮಾಡಿ ಹೋಗುತ್ತಾರೆ. ಫಲಕದಲ್ಲಿ ಏನೇ ಬರೆದಿರಲಿ, ಊರವರ ಬಾಯಲ್ಲಿ ಇದು ಗುಂಡುಕಲ್ಲಮ್ಮನ ಹಿತ್ತಿಲು. ಈಗ ಹಿತ್ತಿಲೂ ಇಲ್ಲ, ಹಿತ್ತಿಲಿಗೊಂದು ಮನೆಯೂ ಇಲ್ಲ. ಆದರೂ ಹೆಸರು ಉಳಿದ ಬಗೆಯನ್ನು ಹಿರಿಯರು ಹೇಳುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಊರಿನ ಕೊಳೆನೀರು ಒಂದು ಹೊಂಡಕ್ಕೆ ಬೀಳುತ್ತಿತ್ತು. ಎತ್ತುಗಳು ಹಗ್ಗ ಎಳೆದಂತೆ ಚರ್ಮದ ಚೀಲವೊಂದು ಅದನ್ನು ಮೇಲೆತ್ತಿ ಗೋಡೆಯಾಚೆಗೆ ಸುರಿಯುತ್ತಿತ್ತು. ಆ ಕಪಿಲೆಯನ್ನು ನಡೆಸುವವನು ಸಿದ್ದಮಲ್ಲ. ಹೊಂಡದ ಪಕ್ಕದಲ್ಲೇ ಅವನ ಮನೆ, ಮನೆಯ ಮಗ್ಗುಲಲ್ಲಿ ಕೇರಿಯವರು ಕುಡಿಯುವ ನೀರಿನ ಬಾವಿ. ಹೊಂಡದ ಕಲ್ಲುಕಟ್ಟಡ ಹಳತಾಗಿ ಕುಸಿಯತೊಡಗಿತ್ತು. ಮಳೆ ಹಿಡಿಯುವ ಮುಂಚೆ ಬೇರೆ ಕಡೆ ಹೊಂಡ ತೋಡದಿದ್ದರೆ ಕೊಳೆ ಬಾವಿಗೆ ಇಳಿಯುವುದು ಖಂಡಿತವಿತ್ತು. ಜಾಗ ಗೊತ್ತುಮಾಡುವ ಹೊಣೆ ಊರಿನ ಪಾರುಪತ್ಯಗಾರ ಮುದ್ದವೀರಯ್ಯನವರ ಮೇಲೆ ಬಿತ್ತು.

ಅವರು ಮೊದಲು ಗಾಣಿಗರ ಕೇರಿಯ ಅಂಚಿನಲ್ಲಿ ಗೂಟ ಬಡಿಸಿದರು. ಬೆಳಗಾಗಿ ನೋಡಿದರೆ ಗೂಟದ ಪಕ್ಕ ಒಂದು ಕಲ್ಲು. ಮೈತುಂಬ ಅರಿಶಿನ ಕುಂಕುಮ, ತಲೆಯ ಮೇಲೆ ದಾಸವಾಳ. ಹಾಗೆ ಪೂಜೆಗೊಂಡ ಕಲ್ಲಿರುವ ನೆಲಕ್ಕೆ ಗುದ್ದಲಿ ಹಾಕುವಂತಿಲ್ಲ, ಇಟ್ಟ ಕೈಯೇ ಅದನ್ನು ಎತ್ತಬೇಕು ಎಂಬುದು ಆ ಸೀಮೆಯ ಕಟ್ಟಳೆ.

"ಯಾರಿಟ್ಟಿರಿ?" ಎಂದು ಮುದ್ದವೀರಯ್ಯನವರು ಕೇಳಿದರು.

"ಯಾರೂ ಇಟ್ಟಿಲ್ಲ ಸ್ವಾಮಿ, ತಾನಾಗಿ ಎದ್ದ ದೇವರು," ಎಂದ ಕೇರಿಯ ಯಜಮಾನ.

"ನಿನ್ನೆ ಗೂಟ ಬಡಿಯುವಾಗ ಇರಲಿಲ್ಲವಲ್ಲ?"

"ನಿಮ್ಮ ಗೂಟದ ಸದ್ದಿಗೇ ಎಚ್ಚರವಾಗಿರಬೇಕು."

ನೇಕಾರರ ಕೇರಿಯಲ್ಲೂ ಹಾಗೆಯೇ ಆಯಿತು, ಬಳೆಗಾರರ ಕೇರಿಯಲ್ಲೂ. ಆರು ಕಡೆ ಗೂಟ, ಆರು ದೇವರು, ಇಟ್ಟವರು ಮಾತ್ರ ಒಬ್ಬರೂ ಇಲ್ಲ. ಮುದ್ದವೀರಯ್ಯನವರು ದೈವಭಕ್ತರು, ಸ್ನಾನ ಪೂಜೆ ತಪ್ಪಿಸಿದವರಲ್ಲ. ಅಂಥವರಿಗೆ ಈಗ ಅರಿಶಿನದ ಕಲ್ಲು ಕಂಡರೆ ಕೈ ಮುಗಿಯುವ ಮೊದಲು ಸಿಟ್ಟು ಬರುತ್ತಿತ್ತು. ಬಂದ ಸಿಟ್ಟಿಗೆ ತಾವೇ ಕೆನ್ನೆ ಬಡಿದುಕೊಳ್ಳುತ್ತಿದ್ದರು. ಆಕಾಶದಲ್ಲಿ ಮೋಡ ಕೂಡುತ್ತಿತ್ತು.

ಒಂದು ದಿನ ಸಿದ್ದಮಲ್ಲ ಎತ್ತಿನ ಬೆನ್ನು ತಿಕ್ಕುತ್ತ, ತಲೆಯೆತ್ತದೆ ಅಂದ: "ಅಯ್ಯಾ, ನೀರು ತಗ್ಗು ನೋಡಿ ಇಳಿಯೋದು ಮೂಡಣ ಗೋಡೆ ಬುಡದಲ್ಲಿರೋ ನಿಮ್ಮ ಹಿತ್ತಿಲ ಕಡೆಗೆ. ಗೂಟ ಮಾತ್ರ ಊರೆಲ್ಲ ತಿರುಗ್ತಾ ಇದೆ."

ಮುದ್ದವೀರಯ್ಯನವರಿಗೆ ಅದು ಗೊತ್ತಿಲ್ಲದ ಸಂಗತಿಯೇನಲ್ಲ. ಅಂದು ಸಂಜೆ ತಾವೇ ಏಳನೆಯ ಗೂಟವನ್ನು ತಮ್ಮ ಹಿತ್ತಿಲಲ್ಲಿ ಬಡಿದರು.

ಮರುದಿನ ಬೆಳಗ್ಗೆ ಅಲ್ಲಿಯೂ ಒಂದು ಕಲ್ಲು ಕೂತಿತ್ತು! ಅರಿಶಿನ ಕುಂಕುಮದ ಅಡಿಯಲ್ಲಿ ಕಪ್ಪಗೆ, ನುಣ್ಣಗೆ, ದುಂಡಗೆ ಇದ್ದ ಅದನ್ನು ಅವರು ದಿನವೂ ಕಂಡಿದ್ದರು. ಅದು ಅವರದೇ ಅಡುಗೆಮನೆಯ ಒರಳಿನ ಗುಂಡು. ಹೆಂಡತಿ ಹೊನ್ನಾಜಮ್ಮ ಬಾಗಿಲಲ್ಲೇ ನಿಂತಿದ್ದಳು. ಆರು ಕೇರಿಯಲ್ಲಿ ಕೇಳಿದ ಪ್ರಶ್ನೆಯನ್ನೇ, ಅದೇ ಉತ್ತರ ಬರುವುದೆಂದುಕೊಂಡು, ಅವರು ಬಳಲಿದ ದನಿಯಲ್ಲಿ ಕೇಳಿದರು: "ಯಾರಿಟ್ಟದ್ದು?"

"ನಾನೇ ಇಟ್ಟೆ," ಎಂದಳು ಆಕೆ. "ಒಲೆ ಮುಂದೆ ಕೂತು ಊರ ಹೊಲಸು ನೋಡಬೇಕೆ ನಾನು? ಆರು ಕೇರಿಯವರಿಗಿರುವ ಮೂಗು ನನಗೂ ಇದೆ."

ಮುದ್ದವೀರಯ್ಯನವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. "ನೀನಾದರೂ ಹೇಳಿದೆಯಲ್ಲ," ಎಂದರು. ಅಷ್ಟರಲ್ಲಿ ಸಿದ್ದಮಲ್ಲ ಒಂದು ಕೊಡ ಹೊತ್ತು ಬಂದ. ಅದನ್ನು ಹೊನ್ನಾಜಮ್ಮನ ಮುಂದೆ ಇಳಿಸಿದ. ಆಕೆ ಬಗ್ಗಿದವಳು ಸೆರಗನ್ನು ಮೂಗಿಗೊತ್ತಿಕೊಂಡಳು.

"ಕೇರಿಯ ಬಾವಿ ನೀರು, ತಾಯಿ. ಮಕ್ಕಳು ಬೆಳಗ್ಗೆ ಇದನ್ನೇ ಕುಡಿದವು."

ಹೊನ್ನಾಜಮ್ಮ ಒಳಗೆ ಹೋದಳು. ತಲೆಗೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಬಂದು, ಗುಂಡುಕಲ್ಲನ್ನು ಎದೆಗೊತ್ತಿ ಎತ್ತಿ, ಏಳು ಹೆಜ್ಜೆ ಆಚೆಗೆ ಗೋಡೆಯ ಮಗ್ಗುಲಲ್ಲಿ ಇಟ್ಟಳು. "ಇಟ್ಟವಳೂ ನಾನೇ, ಎತ್ತಿದವಳೂ ನಾನೇ. ಅಗೆಯಿರಿ," ಎಂದಳು.

ಮೊದಲ ಮಳೆಗೆ ಮುಂಚೆ ಹೊಂಡ ಮುಗಿಯಿತು, ಬಾವಿಯ ಕೆಟ್ಟ ನೀರನ್ನು ಹೊರಹಾಕಿ ಶುದ್ಧ ಮಾಡಿದರು. ಪೂಜೆಗೊಂಡ ಕಲ್ಲು ಮತ್ತೆ ಒರಳಿಗೆ ಬರುವಂತಿರಲಿಲ್ಲ. ಹೊನ್ನಾಜಮ್ಮ ಬದುಕಿರುವವರೆಗೆ ನೆರೆಮನೆಯಲ್ಲೇ ರುಬ್ಬಿಕೊಂಡು ಬರುತ್ತಿದ್ದಳು ಎನ್ನುತ್ತಾರೆ.

ಇಂದು ಊರು ನೋಡಲು ಬಂದವರಿಗೆ ಆರು ಕೇರಿಗಳಲ್ಲಿ ಗೋಪುರವಿರುವ ಆರು ಗುಡಿಗಳು ಕಾಣುತ್ತವೆ. ಅಲ್ಲಿನ ದೇವರನ್ನು ಇಟ್ಟವರು ತಾವೆಂದು ಈವರೆಗೆ ಯಾರೂ ಒಪ್ಪಿಲ್ಲ. ಪಂಪ್‌ಹೌಸಿನ ಗೇಟಿನ ಬಳಿ ಗುಂಡುಕಲ್ಲಮ್ಮನೆಂದು ಕರೆಸಿಕೊಳ್ಳುವ ಆ ಕಲ್ಲಿಗೆ ಗುಡಿಯೂ ಇಲ್ಲ, ಪೂಜಾರಿಯೂ ಇಲ್ಲ. ಅದಕ್ಕೆ ದೀಪ ಹಚ್ಚುವವರು ಕೈ ಮುಗಿಯುವ ಮೊದಲು ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ.