ಹರಕೆಯ ಹುಂಜ

ಸಂಸಾರಿಯಾದ ಶಿಷ್ಯನೊಬ್ಬ ಗುರುಗಳ ಬಳಿಗೆ ಬಂದು ಕೇಳಿದ: "ಗುರುಗಳೇ, ಮಗಳನ್ನು ಕೆಟ್ಟ ಕಣ್ಣು ಬೀಳದ ಹಾಗೆ ಬೆಳೆಸಿದೆ. ಈಗ ದೊಡ್ಡ ಮನೆತನದಿಂದ ಸಂಬಂಧ ಬಂದಿದೆ. ನಮ್ಮ ಮನೆಯ ಮರ್ಯಾದೆ ಹೆಚ್ಚುತ್ತದೆ. ಒಪ್ಪಿಗೆಯೇನಮ್ಮಾ ಎಂದು ಕೇಳಿದೆ, ಹೂಂ ಎನ್ನುವಂತೆ ತಲೆಯಾಡಿಸಿದಳು. ಅಂದಿನಿಂದ ನನ್ನನ್ನು ಕಂಡರೆ ಹೆದರಿ ಒಳಗೆ ಹೋಗುತ್ತಾಳೆ. ಕಾಪಾಡಿದ ತಂದೆಗೆ ಹೆದರುವುದುಂಟೇ?"

ಗುರುಗಳು ನಕ್ಕರು. "ಕೂತುಕೋ. ಒಂದು ಹುಂಜದ ಕತೆ ಹೇಳುತ್ತೇನೆ" ಎಂದರು.

ಒಬ್ಬ ಮುದುಕಿಗೆ ಕಣ್ಣು ಮಂಜಾಗುತ್ತ ಬಂತು. ಕಣ್ಣು ಕೊಟ್ಟರೆ ಹುಂಜ ಕೊಡುತ್ತೇನೆಂದು ಊರಮ್ಮನಿಗೆ ಹರಕೆ ಹೊತ್ತಳು. ಕಣ್ಣು ಬಂತು. ಅಮ್ಮನೂ ವ್ಯಾಪಾರ ಬಲ್ಲವಳೇ ಅನ್ನು. ಮುದುಕಿ ತನ್ನ ಹಿತ್ತಲಿನ ಕೆಂಪು ಹುಂಜವನ್ನು ಹರಕೆಗೆಂದು ಬಿಟ್ಟಳು. ಹರಕೆಯ ಹುಂಜಕ್ಕೆ ಊನವಿರಬಾರದು, ಒಂದು ಗರಿಯೂ ಕಿತ್ತಿರಬಾರದು.

ಆ ಹಿತ್ತಲಿಗೆ ರಾತ್ರಿ ಹೊತ್ತು ಕಾಡುಬೆಕ್ಕು ಬರುತ್ತಿತ್ತು. ಮುದುಕಿ ಹುಂಜದ ಮೇಲೆ ಮಂಕರಿ ಕವುಚಿ ಗುಂಡುಕಲ್ಲು ಹೇರಿದಳು. ಬೆಕ್ಕು ಮಂಕರಿಯ ಬುಡದಲ್ಲಿ ಮಣ್ಣು ಕೆರೆಯಿತು. ಸುತ್ತ ಜಾಲಿಮುಳ್ಳು ಒಟ್ಟಿದಳು. ಬೆಕ್ಕು ಗೋಡೆಯಿಂದ ಇಳಿಯಿತು. ಇದರ ನಡುವೆ ಎರಡು ಹೇಂಟೆ ಹೋದವು. ಅವಕ್ಕೆ ಹರಕೆಯಿರಲಿಲ್ಲ, ಮುದುಕಿ ತಲೆ ಕೆಡಿಸಿಕೊಳ್ಳಲಿಲ್ಲ. ಹುಂಜವನ್ನು ಮಾತ್ರ ಒಳಗೆ ತಂದು ತನ್ನ ಕಂಬಳಿಯೊಳಗೇ ಮಲಗಿಸಿಕೊಂಡಳು. ಅಮ್ಮ ಕೊಟ್ಟ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ತನ್ನ ಮುದ್ದೆಯಲ್ಲಿ ಅರ್ಧ ಮುರಿದು ತಿನ್ನಿಸಿದಳು. ಹುಂಜ ಅವಳ ಸೆರಗು ಬಿಡದಾಯಿತು. ಅವಳಿಗೂ ಅದರ ಮೇಲೆ ಜೀವ. ಅದೇನೂ ಸುಳ್ಳಲ್ಲ.

ಹರಕೆ ಒಪ್ಪಿಸುವ ಹಿಂದಿನ ರಾತ್ರಿ ಅವಳಿಗೆ ಜೊಂಪು ಹತ್ತಿತು. ನೋಡುತ್ತಾಳೆ, ಮನೆಗೆ ಗೋಡೆಗಳಿಲ್ಲ. ಬೆಳದಿಂಗಳು ನೆಲದ ಮೇಲೆ ಮೆಲ್ಲಗೆ ಹರಿದು ಕಂಬಳಿಯ ಅಂಚನ್ನು ಮುಟ್ಟುತ್ತಿದೆ. ಗೋಡೆಯಿಲ್ಲದ ಮನೆಗೆ ಹೊಸ್ತಿಲು ಮಾತ್ರ ಇದೆ. ಅದರ ಮೇಲೆ ಕಾಡುಬೆಕ್ಕು ನೆಂಟರ ಹಾಗೆ ಕೂತಿದೆ. ಅವಳಿಗೆ ಭಯವೇ ಆಗಲಿಲ್ಲ.

"ಅಜ್ಜಿ, ನಾವಿಬ್ರೂ ಒಂದೇ ಹುಂಜದ ಹಿಂದೆ ಬಿದ್ದಿದ್ದೀವಿ" ಎಂದಿತು ಬೆಕ್ಕು. "ನಾನು ಹೊಟ್ಟೆಪಾಡಿಗೆ. ನೀನು ಯಾತಕ್ಕೆ?"

"ಅಮ್ಮನಿಗೆ ಒಪ್ಸೋಕೆ. ನಿನ್ನ ಹಂಗೆ ಕದ್ದು ಒಯ್ಯೋಳಲ್ಲ ನಾನು. ಗುಡಿ ಮುಂದೆ ನಿಲ್ಸಿ ಮೈಮೇಲೆ ನೀರು ಚಿಮುಕಿಸ್ತೀವಿ. ಅದು ಒಪ್ಕೊಂಡು ಮೈ ಕೊಡವಿದ್ರೇನೇ ಕತ್ತಿ ಎತ್ತೋದು."

ಬೆಕ್ಕು ಹೊಸ್ತಿಲಿನಿಂದ ಎದ್ದಿತು.

"ತಣ್ಣೀರು ಬಿದ್ರೆ ಯಾರು ತಾನೇ ಮೈ ಕೊಡವಲ್ಲ, ಅಜ್ಜಿ?" ಎಂದು ಬೆಳದಿಂಗಳೊಳಗೆ ನಡೆದುಹೋಯಿತು.

ಮುದುಕಿಗೆ ಎಚ್ಚರವಾಯಿತು. ಗೋಡೆಗಳು ಇದ್ದಲ್ಲೇ ಇದ್ದವು. ಅಗುಳಿ ಭದ್ರವಾಗಿತ್ತು. ಹುಂಜ ಅವಳ ತೋಳಿನ ಮೇಲೆ ಕೊರಳು ಚಾಚಿ ನೆಮ್ಮದಿಯಾಗಿ ನಿದ್ದೆ ಹೋಗಿತ್ತು. ಅವಳು ಅದರ ಗರಿ ಸವರಿದಳು. ಕೊಡದಿದ್ದರೆ ಕಣ್ಣು ಹೋದೀತೆಂಬ ಭಯ, ಕೊಡೋಣವೆಂದರೆ ತೋಳು ಏಳದು. ಕೂತೇ ಇದ್ದಳು. ಹೊರಗೆ ಬೆಳಗಾಗುತ್ತ ಬಂತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆಯಲಾಗದೆ ಕೇಳಿದ: "ಕೊನೆಗೆ ಹುಂಜ ಉಳಿಯಿತೇ, ಗುರುಗಳೇ?"

"ಅದನ್ನು ನೀನೇ ಹೇಳಬೇಕಪ್ಪ, ಮದುವೆ ಇನ್ನೂ ಆಗಿಲ್ಲವಲ್ಲ."