ಕಾಡಿನ ನಡುವಿನ ಬಿಳಿ ಜಾಗ

ಕಲಾವಿದೆ ನೀಲಗಂಗಮ್ಮನವರ ಕುಂಚ ಹಾಳೆಯ ಮೇಲೆ ಕಾಡೊಂದನ್ನು ಬೆಳೆಸಿತ್ತು. ಮುತ್ತುಗ ಕೆಂಪಾಗಿ ಹೂಬಿಟ್ಟಿತ್ತು, ಬಿದಿರು ಹಸಿರಾಗಿ ಬಾಗಿತ್ತು. ಮರಗಳ ನಡುವೆ ಬೆರಳಗಲದ ಜಾಗ ಮಾತ್ರ ಬಿಳಿಯಾಗಿ ಉಳಿದಿತ್ತು.

“ಏನೂ ಕೆಲಸವಿಲ್ಲದೆ ನಟ್ಟನಡುವೆ ಕೂತಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ?” ಎಂದಿತು ಕುಂಚ. ಅದರ ತುದಿಯಲ್ಲಿ ಕಡುಹಸಿರಿನ ಹನಿಯೊಂದು ನಡುಗುತ್ತಿತ್ತು.

“ಬೇಡ ಅಣ್ಣಾ, ನಾನು ಈ ಕಾಡಿನ ಬಿಸಿಲು. ಅಮ್ಮನ ಪೆಟ್ಟಿಗೆಯಲ್ಲಿ ಬಿಳಿ ಬಣ್ಣವೇ ಇಲ್ಲ. ನನ್ನ ಮೇಲೆ ಹನಿ ಬಿದ್ದರೆ ನಿನ್ನ ಮರಗಳೂ ಮಂಕಾಗುತ್ತವೆ” ಎಂದು ಬಿಳಿ ಜಾಗ ಬೇಡಿಕೊಂಡಿತು.

“ನಾನು ಬೆಳೆಸಿದ ಕಾಡಿಗೆ ನೀನು ಬಿಸಿಲೇ?” ಎಂದು ಕುಂಚ ಮೈ ಕೊಡವಿತು. ಹನಿ ಬಿತ್ತು, ಹರಡಿತು.

ನೀಲಗಂಗಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಕಾಡೆಲ್ಲ ಕತ್ತಲಾಗಿಹೋಯಿತು” ಎಂದು ಹಾಳೆಯನ್ನು ಮಡಚಿ, ಕುಂಚವನ್ನು ಅದರಲ್ಲೇ ಒರೆಸಿದರು.