ಮುದ್ದಯ್ಯ ಕೆಲಸಕ್ಕೆ ಹೋದದ್ದು

ನಗೋರು ಈಗಲೇ ನಕ್ಕು ಮುಗಿಸಿಬಿಡಿ. ಕಡೇಲಿ ನಗು ಬರುತ್ತೋ ಇಲ್ವೋ, ನಾನು ಮಾತು ಕೊಡಲಾರೆ.

ಹುಲಿಕಟ್ಟೆ ಪೇಟೇಲಿ ಚೆನ್ನಾಜಮ್ಮ ಅಂತ ಒಬ್ಬಳಿದ್ದಳು. ಇಡ್ಲಿ ಮಾಡಿ ಮಾರೋಳು. ಅವಳಿಗೆ ಒಬ್ಬನೇ ಮಗ, ಮುದ್ದಯ್ಯ. ಮೀಸೆ ನರೆತಿತ್ತು, ಬುದ್ಧಿ ಬಲಿತಿರಲಿಲ್ಲ. ಒಂದು ಸಲ ಅವಳು ಸಂತೆಗೆ ಹೊರಟಾಗ ಅಂದಳು, "ಬಾಗಿಲು ಹಾಕ್ಕೋ, ಯಾರು ಬಂದರೂ ತೆಗೀಬೇಡ." ಸಂತೆಯಿಂದ ಬಂದು ಬಾಗಿಲು ಬಡಿದಳು, ತೆಗೀಲಿಲ್ಲ. "ನಾನು ಕಣೋ, ನಿಮ್ಮಮ್ಮ!" ಅಂದಳು, ಊಹೂಂ. "ಯಾರು ಬಂದರೂ ಅಂತ ನೀನೇ ಹೇಳಿದ್ದೆ" ಅಂದ ಒಳಗಿಂದ. ಪಕ್ಕದ ಮನೆಯೋರು ಹೆಂಚು ತೆಗೆದು ಇಳಿಯಬೇಕಾಯ್ತು!

ಇಂಥವನಿಗೂ ಒಂದು ಕಾಲದಲ್ಲಿ ಕೆಲಸ ಇತ್ತು ಅಂದ್ರೆ ನಂಬ್ತೀರಾ? ಇತ್ತು ಕಣ್ರೀ. ಹತ್ತಿ ಗಿರಣಿ ಆಫೀಸಲ್ಲಿ ಹನ್ನೊಂದು ವರ್ಷ ಇದ್ದ. ಬಂದ ಕಾಗದಕ್ಕೆಲ್ಲ ತಾರೀಕಿನ ಸೀಲು ಒತ್ತೋದು, ಅಷ್ಟೇ. ಒಂದು ಕಾಗದವೂ ತಪ್ಪಿದ್ದಿಲ್ಲ. ಮೇನೇಜರು ಬೋಂಡ ಕಟ್ಟಿಸಿಕೊಂಡು ಬಂದ ಕಾಗದಕ್ಕೂ ಒತ್ತಿಬಿಟ್ಟಿದ್ದ, ಅದು ಬೇರೆ ಮಾತು.

ಆಮೇಲೆ ಅವರಪ್ಪನಿಗೆ ಲಕ್ವಾ ಹೊಡೀತು. ಚೆನ್ನಾಜಮ್ಮ ಇಡ್ಲಿ ಪಾತ್ರೆ ನೋಡೋದೋ, ಗಂಡನ್ನ ನೋಡೋದೋ? ಮಗನ್ನ ಕರೆದು ಅಂದಳು, "ಅಪ್ಪನ ಹತ್ತಿರ ಇರು. ಕೆಲಸದ ಮಾತು ಎತ್ತಬೇಡ. ಹೋಗೋ ಕಾಲ ಬಂದಾಗ ನಾನೇ ಹೇಳ್ತೀನಿ, ಆಗ ಹೋಗು."

"ಸರಿ" ಅಂದ ಮುದ್ದಯ್ಯ.

ಎರಡು ವರ್ಷ ಅಪ್ಪನ ಮಗ್ಗುಲು ಬದಲಿಸಿದ, ಗಂಜಿ ಕುಡಿಸಿದ, ಮೈ ಒರೆಸಿದ. ಅಪ್ಪ ತೀರಿಕೊಂಡ. ತಿಥಿ ಮುಗೀತು. ಮುದ್ದಯ್ಯ ಮನೇಲೇ ಉಳಿದ. ದಿನಾ ಬೆಳಗ್ಗೆ ತಲೆ ಬಾಚಿ, ಶರಟಿನ ಗುಂಡಿ ಕತ್ತಿನವರೆಗೂ ಹಾಕ್ಕೊಂಡು, ಅಡುಗೆಮನೆ ಹೊಸ್ತಿಲಲ್ಲಿ ಬಂದು ನಿಲ್ಲೋನು.

"ಅಮ್ಮಾ, ಏನಾದ್ರೂ ಹೇಳೋದಿದೆಯಾ?"

"ಇದೆ. ಹಿಟ್ಟು ರುಬ್ಬು."

ರುಬ್ಬೋನು. ಮಾರನೇ ದಿನ ಮತ್ತೆ, "ಅಮ್ಮಾ, ಏನಾದ್ರೂ ಹೇಳೋದಿದೆಯಾ?" "ಇದೆ. ನೀರು ಸೇದು." ಸೇದೋನು. ಹೀಗೇ ಆರು ವರ್ಷ! ನಡುವೆ ಗಿರಣಿ ಮುಚ್ಚಿಹೋಯ್ತು. ಪೇಟೆಯೆಲ್ಲ ಅತ್ತಿತು. ಮನೇಲಿ ಕೂತಿರೋನಿಗೆ ಅದೆಲ್ಲ ಯಾಕೆ ಅಂತ ಚೆನ್ನಾಜಮ್ಮ ಹೇಳಲಿಲ್ಲ. ಇವನಿಗೆ ಮೈಗಳ್ಳತನ, ಅದಕ್ಕೇ ಹೊರಗೆ ಹೋಗೋಲ್ಲ ಅಂತ ಬೀದಿಯೋರ ಹತ್ತಿರ ಗೊಣಗಿಕೊಂಡಳು. ಹಿಟ್ಟು ಮಾತ್ರ ದಿನಾ ರುಬ್ಬಿಸಿಕೊಂಡಳು.

ಈ ಸಲದ ದಸರೆ ಕಳೆದ ಮೇಲೆ ಅವಳ ಮುಂಗೈ ಊದಿಕೊಂಡು ಇಡ್ಲಿ ಪಾತ್ರೆ ಕೈಜಾರಿ ಬಿತ್ತು. ಆವತ್ತು ಅವಳಿಗೆ ದಿಗಿಲು ಹತ್ತಿತು. "ನಾಳೆ ನಾನು ಕಣ್ಣು ಮುಚ್ಚಿದರೆ ಇವನಿಗೆ ಏಳು, ಉಣ್ಣು, ಮಲಗು ಅಂತ ಹೇಳೋರು ಯಾರಪ್ಪಾ ಶಿವನೇ? ಆಫೀಸು ಅಂದ್ರೆ ಹೇಳೋರು ಒಬ್ಬರಾದರೂ ಇರ್ತಾರೆ. ಇವನನ್ನ ಎಲ್ಲಾದರೂ ಸೇರಿಸಲೇಬೇಕು."

ಟ್ರಂಕಿನಿಂದ ಗಂಡನ ಬಿಳೀ ಶರಟು ತೆಗೆದಳು. ನುಸಿಗುಳಿಗೆ ವಾಸನೆ ಹೋಗೋಕೆ ಬಿಸಿಲಿಗೆ ಹಾಕಿದಳು. "ನೋಡಪ್ಪಾ, ಅಕ್ಕಿ ಮಂಡಿ ಆಫೀಸಲ್ಲಿ ಆಳು ಬೇಕಂತೆ, ಮಾತಾಡೋಕೆ ಕರೆದಿದ್ದಾರೆ. ಹೋಗಿ ಬಾ. ಮರ್ಯಾದೆಯಿಂದ ಇರು. ಅವರು ಕೂತ್ಕೋ ಅನ್ನೋವರೆಗೂ ಕೂರಬೇಡ."

"ಸರಿ" ಅಂದ ಮುದ್ದಯ್ಯ.

ಹೋದ, ನಮಸ್ಕಾರ ಹಾಕಿದ, ನಿಂತ. ಸಾಹುಕಾರರು ಫೋನಿನಲ್ಲಿದ್ದರು, ಕೂತ್ಕೋ ಅನ್ನೋದು ಮರೆತರು. ಆಮೇಲೆ ಬಂದೋರು ಕೂತರು, ಮಾತಾಡಿದರು, ಎದ್ದು ಹೋದರು. ಮುದ್ದಯ್ಯ ನಿಂತೇ ಇದ್ದ! ಸಂಜೆ ಕಸ ಗುಡಿಸೋಳು ಬಂದು, "ಯಾಕಪ್ಪಾ ಕಂಬದ ಹಂಗೆ ನಿಂತಿದ್ದೀಯಾ?" ಅಂದಳು.

"ಕೂತ್ಕೋ ಅನ್ನಲಿಲ್ಲ."

"ಅಯ್ಯೋ ಪೆದ್ದೇ!" ಅಂತ ಮನೆಗೆ ಬಂದ ಮಗನ್ನ ನೋಡಿ ಚೆನ್ನಾಜಮ್ಮ ಹಣೆ ಚಚ್ಚಿಕೊಂಡಳು. "ಕಾಲು ನೋಡು, ಹೆಂಗೆ ಊದಿದೆ! ಖಾಲಿ ಕುರ್ಚಿ ಕಂಡರೆ ಕೂತುಬಿಡೋದು! ಹೇಳಿಸಿಕೊಳ್ಳಬೇಕಾ?"

"ಸರಿ" ಅಂದ ಮುದ್ದಯ್ಯ.

ಮುಂದಿನ ವಾರ ಒಂದು ಸ್ಕೂಲಿನ ಆಫೀಸು. ಒಳಗೆ ಹೋದ. ಖಾಲಿ ಕುರ್ಚಿ ಕಂಡಿತು, ದಪ್ಪ ದಿಂಬು, ಮೇಲೆ ಬಿಳೀ ಟವಲು. ಕೂತುಬಿಟ್ಟ! ಹೆಡ್ಮೇಷ್ಟ್ರು ಬಂದು ನೋಡ್ತಾರೆ, ತಮ್ಮ ಕುರ್ಚೀಲಿ ಬೇರೆ ಯಾರೋ ಕೂತಿದ್ದಾರೆ! ಮೇಲಿನೋರು ತಪಾಸಣೆಗೆ ಬಂದಿರಬೇಕು ಅಂತ ಬೆದರಿ ಕಾಫಿ ತರಿಸಿದರು. ಮುದ್ದಯ್ಯ ಕುಡಿದ. ಗೊತ್ತಾದ ಮೇಲೆ ಕತ್ತು ಹಿಡಿದು ತಳ್ಳಿದರು.

"ಅಯ್ಯೋ ಪೆದ್ದೇ! ದೊಡ್ಡೋರ ಮುಂದೆ ಬಗ್ಗಿ ನಡೀಬೇಕು! ಏನು ಕೇಳಿದರೂ 'ನನಗೇನೂ ಗೊತ್ತಿಲ್ಲ, ತಾವೇ ಕಲಿಸಬೇಕು' ಅನ್ನಬೇಕು, ತಿಳೀತಾ?"

"ಸರಿ" ಅಂದ ಮುದ್ದಯ್ಯ.

ಮೂರನೇದು ಜವಳಿ ಗೋದಾಮು. "ನಿನ್ನ ಹೆಸರೇನಪ್ಪಾ?" ಅಂದರು.

"ನನಗೇನೂ ಗೊತ್ತಿಲ್ಲ, ತಾವೇ ಕಲಿಸಬೇಕು."

"ನಿಮ್ಮಪ್ಪನ ಹೆಸರು?"

"ಗೊತ್ತಿಲ್ಲ, ತಾವೇ ಕಲಿಸಬೇಕು."

ಗೋದಾಮಿನೋರು ಬಿದ್ದು ಬಿದ್ದು ನಕ್ಕರು. ಆ ನಗು ಪೇಟೆಯೆಲ್ಲ ಸುತ್ತಿ ಚೆನ್ನಾಜಮ್ಮನ ಇಡ್ಲಿ ಅಂಗಡಿಗೂ ಬಂತು. ಅವಳು ಇಡ್ಲಿ ಕಟ್ಟುತ್ತಲೇ ಅತ್ತಳು. "ಹೆತ್ತಪ್ಪನ ಹೆಸರೂ ಗೊತ್ತಿಲ್ಲ ಅಂದ್ಯಲ್ಲೋ! ಎರಡು ವರ್ಷ ಎತ್ತಿ ಇಳಿಸಿದ್ದೀಯಲ್ಲೋ ಅವರನ್ನ! ಇನ್ಮೇಲೆ ಯಾರು ಏನು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳು. ಒಂದನ್ನೂ ಮುಚ್ಚಿಡಬೇಡ."

"ಸರಿ" ಅಂದ ಮುದ್ದಯ್ಯ.

ನಾಲ್ಕನೇದು ಹಾಲಿನ ಸಂಘದ ಆಫೀಸು. ಬಂದ ಕಾಗದಕ್ಕೆ ಸೀಲು ಒತ್ತೋ ಕೆಲಸ! ಈ ಸಲ ಚೆನ್ನಾಜಮ್ಮ ತಾನೇ ಜೊತೆಗೆ ಹೋಗಿ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಳು. ಬಾಗಿಲು ಅರ್ಧ ತೆಗೆದಿತ್ತು, ಒಳಗಿನ ಮಾತೆಲ್ಲ ಕೇಳ್ತಿತ್ತು. ಪ್ರಶ್ನೆ ಕೇಳ್ತಾ ಇದ್ದ ಮೇನೇಜರು ಹೆಂಗಸು, ಮೆತ್ತಗೆ ಮಾತಾಡೋರು.

"ಹನ್ನೊಂದು ವರ್ಷ ಕೆಲಸ ಮಾಡಿ ಆಮೇಲೆ ಎಂಟು ವರ್ಷ ಮನೇಲಿ ಕೂತಿದ್ದೀರಲ್ಲ, ಯಾಕೆ?"

ಮುದ್ದಯ್ಯ ಇದ್ದದ್ದು ಇದ್ದ ಹಾಗೆ ಹೇಳಿದ. "ಅಪ್ಪನಿಗೆ ಕಾಯಿಲೆ ಆಯ್ತು ಮೇಡಂ. ಕೆಲಸದ ಮಾತು ಎತ್ತಬೇಡ, ಹೋಗೋ ಕಾಲಕ್ಕೆ ನಾನೇ ಹೇಳ್ತೀನಿ ಅಂದಳು ಅಮ್ಮ."

"ಅಪ್ಪ ಈಗ?"

"ತೀರಿಹೋಗಿ ಆರು ವರ್ಷ ಆಯ್ತು."

"ಮತ್ತೆ ಈ ಆರು ವರ್ಷ?"

"ಅಮ್ಮ ಹೇಳಲಿಲ್ಲ. ದಿನಾ ಬೆಳಗ್ಗೆ ತಯಾರಾಗಿ ಹೋಗಿ ಕೇಳ್ತಿದ್ದೆ, ಏನಾದ್ರೂ ಹೇಳೋದಿದೆಯಾ ಅಂತ. ಕೆಲಸದ ಮಾತು ಎತ್ತೋ ಹಾಗಿರಲಿಲ್ಲವಲ್ಲ, ಅದಕ್ಕೇ ಅಷ್ಟೇ ಕೇಳ್ತಿದ್ದೆ. ಅವಳು ಹಿಟ್ಟು ರುಬ್ಬು ಅನ್ನೋಳು."

ಹೊರಗೆ ಬೆಂಚಿನ ಮೇಲೆ ಚೆನ್ನಾಜಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಆರು ವರ್ಷದ ಬೆಳಗುಗಳೆಲ್ಲ ಒಟ್ಟಿಗೆ ಬಂದು ಅವಳ ಎದೆ ಮೇಲೆ ಕೂತವು. ಬಾಚಿದ ತಲೆ, ಕತ್ತಿನವರೆಗೂ ಗುಂಡಿ! ಅಡುಗೆಮನೇಲಿ ಯಾಕೆ ಇಷ್ಟು ಶೋಕಿ ಅಂತ ಒಂದು ದಿನವಾದರೂ ತಿರುಗಿ ನೋಡಿದ್ದಳಾ? ಇಲ್ಲ. ಹೋಗೋ ಕಾಲಕ್ಕೆ ನಾನೇ ಹೇಳ್ತೀನಿ ಅಂದಿದ್ದನ್ನ ಮರೆತೇಬಿಟ್ಟಿದ್ದಳು. ಪೂರಾ ಮರೆತಿದ್ದಳಾ, ಇಲ್ಲಾ ಹಿಟ್ಟು ರುಬ್ಬೋ ಕೈ ಬೇಕಿತ್ತು ಅಂತ ನೆನಪು ಮಾಡಿಕೊಳ್ಳಲಿಲ್ಲವಾ? ಅದು ಅವಳಿಗೂ ಗೊತ್ತಾಗಲಿಲ್ಲ.

ಒಳಗೆ ಮೇಡಂ ಅಂದರು, "ಹೇಳಿದ್ದನ್ನ ಇಷ್ಟು ಪಾಲಿಸೋರು ನನಗೆ ಬೇಕು. ಸೋಮವಾರ ಹತ್ತು ಗಂಟೆಗೆ ಬನ್ನಿ. ಕಾಗದ ರಾಶಿ ಬಿದ್ದಿದೆ, ತಡ ಮಾಡಿದರೆ ಬೇರೆಯೋರನ್ನ ಕೂರಿಸಬೇಕಾಗುತ್ತೆ."

ಸೋಮವಾರ ಬೆಳಗಾಯ್ತು. ಮುದ್ದಯ್ಯ ತಲೆ ಬಾಚಿ, ಬಿಳೀ ಶರಟಿನ ಗುಂಡಿ ಹಾಕ್ಕೊಂಡು ಹೊಸ್ತಿಲಲ್ಲಿ ಬಂದು ನಿಂತ.

"ಅಮ್ಮಾ, ಏನಾದ್ರೂ ಹೇಳೋದಿದೆಯಾ?"

ಚೆನ್ನಾಜಮ್ಮ ಒಲೆ ಬಿಟ್ಟು ಎದ್ದಳು. ಅವನ ಕೆನ್ನೆ ಸವರಿದಳು. "ಇದೆ ಕಣೋ ಮಗ. ಆರು ವರ್ಷದ ಹಿಂದೆಯೇ ಹೇಳಬೇಕಾಗಿತ್ತು. ಹೋಗಪ್ಪಾ, ಕೆಲಸಕ್ಕೆ ಹೋಗು. ನಾನೇ ಹೇಳ್ತಿದ್ದೀನಿ, ಹೋಗು."

ಅವನ ಮುಖ ಹೇಗೆ ಅರಳಿತು ಅಂತೀರಿ! ಅಷ್ಟು ಖುಷಿ ಅವಳು ಎಂದೂ ಕಂಡಿರಲಿಲ್ಲ. ಬುತ್ತೀನೂ ಮರೆತು ಓಡಿದ.

ಹನ್ನೊಂದು ಗಂಟೆಗೆ ಅವಳು ಬುತ್ತಿ ಹಿಡಿದು ಹಾಲಿನ ಆಫೀಸಿಗೆ ಹೋದಳು. ಕುರ್ಚೀಲಿ ಯಾರೋ ಬೇರೆಯವನು ಸೀಲು ಒತ್ತುತ್ತಿದ್ದ. ಮೇಡಂ ಎದ್ದು ಬಂದರು. "ಹತ್ತೂವರೆವರೆಗೂ ಕಾದೆನಮ್ಮಾ. ನಿಮ್ಮ ಮಗ ಬರಲೇ ಇಲ್ಲ."

ಚೆನ್ನಾಜಮ್ಮ ಬುತ್ತಿ ಹಿಡಿದುಕೊಂಡೇ ಹೊರಗೆ ಬಂದಳು. ಎಲ್ಲಿಗೆ ಹೋಗಿದ್ದಾನೆ ಅಂತ ಅವಳಿಗೆ ಗೊತ್ತಾಯ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಆಡಬೇಕಾದ ಹೊತ್ತಿಗೆ ಆಡದ ಮಾತೂ ಹೋಗುತ್ತೆ ಕಣ್ರೀ. ಅವಳು ಸುಡು ಬಿಸಿಲಲ್ಲಿ ಊರಾಚೆ ಹತ್ತಿ ಗಿರಣಿಗೆ ನಡೆದಳು.

ಗೇಟಿಗೆ ಬೀಗ. ಬೀಗಕ್ಕೆ ತುಕ್ಕು. ಒಳಗೆ ಎಕ್ಕದ ಗಿಡ ಆಳೆತ್ತರ ಬೆಳೆದಿತ್ತು. ಗೇಟಿನ ಮುಂದೆ ಮುದ್ದಯ್ಯ ನೆಟ್ಟಗೆ ನಿಂತಿದ್ದ. ಅಮ್ಮನ್ನ ಕಂಡವನೇ ಕೂಗಿದ, "ಅಮ್ಮಾ! ಇನ್ನೂ ಯಾರೂ ಬಂದಿಲ್ಲ! ನಾನೇ ಮೊದಲು!"

"ಮೇಡಂ ಅಲ್ಲಿಗೆ ಬಾ ಅಂದಿದ್ದರಲ್ಲೋ..."

"ಅಂದಿದ್ದರು. ಆದರೆ ನೀನು ಹೇಳಿದೆಯಲ್ಲ! ಅಪ್ಪ ಮಲಗಿದಾಗ ಅಂದಿದ್ದೆ, ನಾನೇ ಹೇಳ್ತೀನಿ, ಆಗ ಹೋಗು ಅಂತ. ಇವತ್ತು ಹೇಳಿದೆ. ಬಂದೆ."

ಪೆದ್ದೇ ಅನ್ನೋಕೆ ಚೆನ್ನಾಜಮ್ಮ ಬಾಯಿ ತೆರೆದಳು. ಹಾಗೇ ಮುಚ್ಚಿದಳು. ಈ ಸಲ ಕೊಡೋಕೆ ಬುದ್ಧಿಮಾತೂ ಇರಲಿಲ್ಲ. ಬುತ್ತಿ ಕೆಳಗಿಟ್ಟು ಗೇಟಿನ ಕಲ್ಲಿನ ಮೇಲೆ ಕೂತಳು.

"ತಡ ಆಯ್ತು ಕಣೋ ಮಗ. ನಾನೇ ತಡ ಮಾಡಿಬಿಟ್ಟೆ."

"ಪರವಾಗಿಲ್ಲಮ್ಮಾ" ಅಂದ ಮುದ್ದಯ್ಯ. "ಮೇನೇಜರು ಬಂದರೆ ನಾನು ಹೇಳ್ತೀನಿ. ಅಮ್ಮನಿಗೆ ಕೈ ನೋವಿತ್ತು ಸಾರ್, ಅದಕ್ಕೇ ತಡ ಆಯ್ತು, ಬೈಬೇಡಿ ಅಂತೀನಿ."

ಅಷ್ಟು ಹೇಳಿ ಮೇಲಿನ ಗುಂಡಿ ಸರಿಮಾಡಿಕೊಂಡು ಮತ್ತೆ ಗೇಟಿನ ಕಡೆ ತಿರುಗಿ ನಿಂತ.